ನನ್ನ ಯಜಮಾನರು ಹೇಳುವ ಅಂಬರನಾಥದ ಕಥೆ

ನೆರೂಳಿನ ಆ ಪುಟ್ಟ ಕೋಣೆಯಲ್ಲಿ, ಮಾತು ಕಲಿಸುವ ಹುಡುಗಿ ಮೇಜಿನ ಮೇಲೆ ನಾಲ್ಕು ಬಣ್ಣದ ಕಾರ್ಡುಗಳನ್ನು ಸಾಲಾಗಿ ಇಟ್ಟಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಹೊಟ್ಟೆಕಿಚ್ಚು. ಕಾರ್ಡುಗಳ ಮೇಲೆ ಮರಾಠಿಯಲ್ಲಿ ಯಾರು, ಎಲ್ಲಿ, ಏನಾಯಿತು, ಆಮೇಲೇನು ಎಂದು ಬರೆದಿತ್ತು. ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಭಾನುವಾರದ ಮಕ್ಕಳಿಗೆ ನಾನು ವರ್ಷಾನುಗಟ್ಟಲೆ ಮಾಡಿದ ‘ಕಥೆ ಓದುವುದು ಹೇಗೆ’ ಎಂಬ ಪಾಠದ ಮೊದಲ ದಿನದ ಸರಕು ಇದೇ. ಪಾತ್ರ, ದೇಶ-ಕಾಲ, ಘಟನೆ, ಪರಿಣಾಮ. ಇಷ್ಟಕ್ಕೆ ನಾನು ಎರಡು ಭಾನುವಾರ ತೆಗೆದುಕೊಳ್ಳುತ್ತಿದ್ದೆ, ನಡುವೆ ಒಂದು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ನನ್ನ ಮಗಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬಹುದಾದ ಈ ಹುಡುಗಿ ಅರ್ಧ ನಿಮಿಷದಲ್ಲಿ ಮುಗಿಸಿಬಿಟ್ಟಳು.

“ಕಾಕಾ, ಏಕ್ ಸ್ಟೋರಿ ಬತಾಯೇಂಗೆ?” ಎಂದು ನನ್ನ ಯಜಮಾನರನ್ನು ಕೇಳಿದಳು.

ಯಜಮಾನರು ಕಾರ್ಡುಗಳನ್ನು ನೋಡಿದರು. ಬಲಗೈ ಇನ್ನೂ ಸ್ವಾಧೀನಕ್ಕೆ ಬಂದಿರಲಿಲ್ಲವಾದ್ದರಿಂದ ಎಡಗೈ ಎತ್ತಿ ‘ಎಲ್ಲಿ’ ಎಂಬ ಕಾರ್ಡನ್ನು ಮುಟ್ಟಿದರು. ಆಮೇಲೆ, ಒಂದಕ್ಷರವೂ ತೊದಲದೆ, “ಪುಢೀಲ್ ಸ್ಟೇಷನ್” ಎಂದರು.

ಮುಂದಿನ ಸ್ಟೇಷನ್. ಯಾವುದು ಎಂದು ನಾವಿಬ್ಬರೂ ಕಾದೆವು. ಬರಲಿಲ್ಲ. ಲೋಕಲ್ ಗಾಡಿಯಲ್ಲಿ ಘೋಷಣೆ ಮಾಡುವ ಹೆಂಗಸಿನ ದನಿ ದಿನಾ ಎರಡು ಹೊತ್ತು ಕಿವಿಗೆ ಬಿದ್ದು ಬಿದ್ದು, ಮಿದುಳಿನ ಯಾವುದೋ ಗಟ್ಟಿ ಜಾಗದಲ್ಲಿ ಕೂತಿತ್ತಂತೆ. ಸ್ಟ್ರೋಕ್ ಆಗಿ ಉಳಿದ ಮಾತೆಲ್ಲ ಕೊಚ್ಚಿಕೊಂಡು ಹೋದರೂ ಅದೊಂದು ಉಳಿದಿತ್ತು. ನನ್ನ ಹೆಸರು ಉಳಿದಿರಲಿಲ್ಲ.

ಪಾತ್ರಗಳಲ್ಲಿ ಎರಡು ಬಗೆ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಚಪ್ಪಟೆ ಪಾತ್ರಕ್ಕೆ ಒಂದೇ ಗುಣ, ಕಥೆ ಮುಗಿಯುವವರೆಗೂ ಅದು ನಮ್ಮನ್ನು ಬೆಚ್ಚಿ ಬೀಳಿಸುವುದಿಲ್ಲ. ದುಂಡು ಪಾತ್ರ ಹಾಗಲ್ಲ, ಅದರ ಬೆನ್ನಿನ ಕಡೆ ಏನಿದೆ ಎಂದು ನಮಗೆ ಕಾಣುವುದಿಲ್ಲ. ಚಪ್ಪಟೆಗೆ ಉದಾಹರಣೆ ಕೊಡಿ ಮಿಸ್ ಎಂದು ಯಾರಾದರೂ ಕೇಳಿದರೆ, ಬಾಯಲ್ಲಿ ಜಿಪುಣ ಸಾಹುಕಾರ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಬರುತ್ತಿದ್ದದ್ದು ನಮ್ಮ ಯಜಮಾನರ ಮುಖವೇ. ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ರಬಾಳೆ, ರಬಾಳೆಯ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗ, ಸಂಜೆ ಅದೇ ದಾರಿಯಲ್ಲಿ ವಾಪಸು. ಬಂದ ತಕ್ಷಣ ಎಂಜಲು ಡಬ್ಬಿಯನ್ನು ಸಿಂಕಿನ ಪಕ್ಕ ಇಟ್ಟು, “ಪಲ್ಯಕ್ಕೆ ಉಪ್ಪು ಕಮ್ಮಿ” ಎನ್ನುವುದು. ಮದುವೆಯಾದ ಹೊಸತರಲ್ಲಿ ಉಪ್ಪು ಜಾಸ್ತಿ ಹಾಕಿ ನೋಡಿದ್ದೆ. ಆಗಲೂ ಕಮ್ಮಿ ಎಂದೇ ಅಂದರು. ಅಲ್ಲಿಗೆ ನಾನು ಆ ಪಾತ್ರದ ಅಧ್ಯಯನ ನಿಲ್ಲಿಸಿದೆ.

ಹೋದ ವರ್ಷ ದೀಪಾವಳಿ ಕಳೆದ ವಾರ, ಮಧ್ಯಾಹ್ನ, ಊಟ ಆಯಿತಾ ಎಂದು ಕೇಳಲು ಯಾವತ್ತಿನಂತೆ ಫೋನು ಮಾಡಿದೆ. ಬೇರೆ ಯಾರೋ ಎತ್ತಿದರು. “ಭಾಭೀ, ಯೇ ಅಂಕಲ್ ಅಂಬರನಾಥ ಸ್ಟೇಷನ್ ಪೇ ಗಿರ್ ಗಯೇ ಹೈಂ” ಎಂದರು. ಅಂಬರನಾಥ ಸ್ಟೇಷನ್ನಿನಲ್ಲಿ ಕುಸಿದು ಬಿದ್ದಿದ್ದರಂತೆ.

ನಾನು ಚಿಂತೆಯಲ್ಲಿ ಪಳಗಿದವಳು. ಯಜಮಾನರು ಬರುವುದು ಸ್ವಲ್ಪ ತಡವಾದರೆ ಸಾಕು, ಸಮಾಚಾರ ಹೇಳಲು ಬರುವವರಿಗೆ ಕಾಫಿ ಸಾಲುತ್ತದೆಯೇ ಎಂದು ಡಿಕಾಕ್ಷನ್ ಬಗ್ಗಿಸಿ ನೋಡುವವಳು. ಹಳಿ ದಾಟುವುದು, ಬಾಗಿಲಿಂದ ಜಾರುವುದು, ಪುಟ್ಟ ಗುಳ್ಳೆಯೊಂದು ಮಹಾರೋಗವಾಗುವುದು, ಎಲ್ಲದಕ್ಕೂ ತಯಾರಿದ್ದೆ. ಅಂಬರನಾಥಕ್ಕೆ ಮಾತ್ರ ತಯಾರಿರಲಿಲ್ಲ. ಡೊಂಬಿವಲಿಯಲ್ಲಿ ನಿಂತರೆ ಠಾಣೆ, ರಬಾಳೆ ಒಂದು ಕಡೆ. ಅಂಬರನಾಥ ಕಲ್ಯಾಣ ದಾಟಿ ಅದರ ತದ್ವಿರುದ್ಧ ಕಡೆ. ಅಲ್ಲಿ ನಮಗೆ ನೆಂಟರಿಲ್ಲ, ಸ್ನೇಹಿತರಿಲ್ಲ. ಹಳೆಯ ಶಿವಾಲಯವೊಂದಿದೆ, ಆದರೆ ಯಜಮಾನರು ಗಣೇಶ ಚೌತಿಯ ದಿನವೂ ಪೇಪರು ಓದುತ್ತ ಆರತಿ ತೆಗೆದುಕೊಳ್ಳುವವರು.

ಆಫೀಸಿನಲ್ಲಿ ವಿಚಾರಿಸಿದೆ. ಅರ್ಧ ದಿನ ರಜೆ ಹಾಕಿದ್ದರು, ಸ್ವಂತ ಕೆಲಸ ಎಂದಿದ್ದರು. ಮಗಳು ಫೋನು ತಡಕಿದಳು. ಆಫೀಸಿನ ಕರೆಗಳು ಮತ್ತು ನನ್ನವು, ಅಷ್ಟೇ. ಮನೆಗೇ ಹೊರಟಿರಬೇಕು, ಗಾಡಿಯಲ್ಲೇ ತಲೆ ಮಂಕಾಗಿ ಇಳಿಯುವುದು ಮರೆತಿರಬೇಕು ಎಂದು ಡಾಕ್ಟರು ಹೇಳಿದರು. ನಾನೂ ಅದನ್ನೇ ಒಪ್ಪಿಕೊಂಡು ಸುಮ್ಮನಾಗುತ್ತಿದ್ದೆ, ಆಸ್ಪತ್ರೆಯಿಂದ ತಂದ ಅವರ ಬ್ಯಾಗು ಬಿಚ್ಚದೇ ಇದ್ದಿದ್ದರೆ.

ಡಬ್ಬಿ ತೊಳೆದಿತ್ತು.

ಸುಮ್ಮನೆ ನೀರು ತೋರಿಸಿದ್ದಲ್ಲ. ಮುಚ್ಚಳದ ಅಂಚಿನ ಜಿಡ್ಡು ಕೂಡ ಹೋಗುವ ಹಾಗೆ ತಿಕ್ಕಿ ತೊಳೆದಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಆ ಡಬ್ಬಿಯನ್ನು ಒಂದು ಸಲವೂ ತೊಳೆದವರಲ್ಲ. ಅಂದಮೇಲೆ ಯಾರೋ ತೊಳೆದಿದ್ದರು. ಐಸಿಯುವಿನ ಹೊರಗೆ, ಗಂಡ ಬದುಕುತ್ತಾನೋ ಇಲ್ಲವೋ ತಿಳಿಯದೆ ಕೂತ ಹೆಂಗಸು, ಖಾಲಿ ಡಬ್ಬಿಯನ್ನು ಮೂಗಿಗೆ ಹಿಡಿದು ಅದು ಯಾವ ಸೋಪು ಎಂದು ಮೂಸುತ್ತಿದ್ದಳು. ಆ ಹೆಂಗಸು ನಾನೇ. ಚಪ್ಪಟೆ ಎಂದುಕೊಂಡಿದ್ದ ಪಾತ್ರ ನನ್ನ ಕಣ್ಣೆದುರೇ ದುಂಡಗಾಯಿತು, ಅದೂ ಬಾಯಿ ನಿಂತುಹೋದ ಮೇಲೆ.

ಕಥೆಯಲ್ಲಿ ಘಟನೆಗಳು ಬರೀ ಒಂದರ ಹಿಂದೆ ಒಂದು ಬಂದರೆ ಸಾಲದು, ಒಂದರಿಂದ ಇನ್ನೊಂದು ಹುಟ್ಟಬೇಕು, ಆ ಹೆಣಿಗೆಗೇ ಕಥಾಸಂವಿಧಾನ ಎನ್ನುತ್ತಾರೆ ಎಂದು ಬೋರ್ಡಿನ ಮೇಲೆ ಬರೆಸುತ್ತಿದ್ದೆ. ರಜೆ ಹಾಕಿದರು, ಅಂಬರನಾಥದಲ್ಲಿ ಬಿದ್ದರು, ಡಬ್ಬಿ ತೊಳೆದಿತ್ತು. ಮೂರು ಘಟನೆ, ನಡುವೆ ಎಳೆಯೇ ಇಲ್ಲ. ಎಳೆಗಳನ್ನು ನಾನೇ ಹೊಸೆದೆ. ಇನ್ನೊಬ್ಬಳು. ಇನ್ನೊಂದು ಮನೆ. ಕೆಲಸ ಹೋಗುವ ಸೂಚನೆ ಸಿಕ್ಕಿ, ಅಂಬರನಾಥದ ಕಾರ್ಖಾನೆಗಳಲ್ಲಿ ಬೇರೆ ಕೆಲಸ ಹುಡುಕುತ್ತಿದ್ದದ್ದು. ಯಾವುದೋ ಕಾಯಿಲೆ ಮುಚ್ಚಿಟ್ಟು ನಾಟಿ ವೈದ್ಯರಿಗೆ ತೋರಿಸಲು ಹೋದದ್ದು. ಒಂದೊಂದು ಊಹೆಗೂ ನಾನು ಪ್ರತ್ಯೇಕವಾಗಿ ಅತ್ತೆ.

ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಕಾನೂನು ಓದುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. “ಅಮ್ಮಾ, ಏಕ್ ಬಾರ್ ಅಂಬರನಾಥ ಜಾಕೇ ಪೂಛ್ ಲೇತೇ ಹೈಂ ನಾ” ಎಂದಳು. ಹೋಗಿ ಕೇಳಿದರಾಯಿತು, ನಿಜ. ಅರ್ಧ ಗಂಟೆಯ ದಾರಿ.

“ಹೋದರೆ ಏನಾದರೂ ಸಿಕ್ಕಿಬಿಟ್ಟರೆ?” ಎಂದೆ.

“ಸಿಗಲೀ ಅಂತಾನೇ ತೋ ಜಾ ರಹೇ ಹೈಂ!”

ಹೋಗಲಿಲ್ಲ. ಯಜಮಾನರ ಬಾಯಿಂದಲೇ ಬರಲಿ ಎಂದು ಕಾದೆ. ಕಥೆಯನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬುದೇ ದೃಷ್ಟಿಕೋನ. ಆ ಮಧ್ಯಾಹ್ನವನ್ನು ಕಂಡದ್ದು ಎರಡೇ ಕಣ್ಣು, ಅವು ಈಗ ನಮ್ಮ ಮನೆಯ ಸೋಫಾದಲ್ಲಿ ಕೂತು ಟಿವಿ ನೋಡುತ್ತಿದ್ದವು. ಕೈಗೆಟುಕುವಷ್ಟು ಹತ್ತಿರ. ಕೇಳಿದ್ದು ಅವರಿಗೆ ಅರ್ಥವಾಗುತ್ತಿತ್ತು, ಹೇಳಲು ಮಾತ್ರ ಆಗುತ್ತಿರಲಿಲ್ಲ.

“ರೀ, ಅವತ್ತು ಅಂಬರನಾಥಕ್ಕೆ ಹೋಗಿದ್ರಾ?”

“ಹೌದು.”

“ಯಾರ್ನಾದ್ರೂ ನೋಡಕ್ಕೆ ಹೋಗಿದ್ರಾ?”

“ಹೌದು.”

ನೀರು ಕುಡಿದು ಬಂದು ಕೇಳಿದೆ, “ಅಲ್ಲಿ ಯಾರೂ ಇರ್ಲಿಲ್ಲ ತಾನೆ?”

“ಹೌದು.”

“ನೀವು ಆನೆ ಮೇಲೆ ಕೂತ್ಕೊಂಡ್ ಹೋದ್ರಾ?”

“ಹೌದು” ಎಂದು, ನಾನು ನಗಲಿ ಎಂದೋ ಏನೋ, ಅವರೇ ಮೊದಲು ನಕ್ಕರು. ಬಾಯಿಯ ಒಂದು ಬದಿ ಮಾತ್ರ ಏರಿತು.

ಇಲ್ಲ ಎನ್ನಬೇಕಾದ ಕಡೆಯೂ ಹೌದು ಬರುವುದು ಈ ಕಾಯಿಲೆಯಲ್ಲಿ ಮಾಮೂಲು ಎಂದು ನೆರೂಳಿನ ಹುಡುಗಿ ವಿವರಿಸಿದಳು. ಪ್ರಶ್ನೆ ಕೇಳಿ ಸುಸ್ತು ಮಾಡಬೇಡಿ, ಪುಟ್ಟ ಪುಟ್ಟ ಕಥೆ ಹೇಳಿಸಿ. ಒಂದು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಲು ಬಂದರೆ, ಆಮೇಲೆ ತಮ್ಮದನ್ನು ತಾವೇ ಹೇಳುತ್ತಾರೆ. ಆದರೆ ಮನೆಮಾತಿನಲ್ಲೇ ಆಗಬೇಕು, ಅವಳ ಬಳಿ ಕನ್ನಡದ ಕಥೆಗಳಿಲ್ಲ. “ಕಾಕೂ, ಆಪ್ ತೋ ಟೀಚರ್ ಹೋ. ಆಪ್ ಹೀ ಲಿಖ್ ಕೇ ಲಾವೋ.”

ನನಗೆ ಅಷ್ಟೇ ಬೇಕಾಗಿತ್ತು. ಸಂಘದ ವಾರ್ಷಿಕ ಸಂಚಿಕೆಯಲ್ಲಿ ನಾಲ್ಕು ಕಥೆ ಪ್ರಕಟವಾದ ಲೇಖಕಿ ನಾನು, ಆ ಸಂಚಿಕೆಯ ಸಂಪಾದಕಿಯೂ ನಾನೇ. ಎರಡು ದಿನ ಕೂತು ಬರೆದೆ. ಮುದುಕನೊಬ್ಬ ಕಿಟಕಿಯ ಬಳಿ ಕೂತಿದ್ದಾನೆ, ಹೊರಗೆ ತಂತಿಯ ಮೇಲೆ ಒಂಟಿ ಕಾಗೆ. ಓದಿ ಹಿಂದಿಯಲ್ಲಿ ಅರ್ಥ ಹೇಳಿದೆ.

“ಯೇ ಕವ್ವಾ ಕ್ಯೂಂ ಹೈ?” ಎಂದಳು ಹುಡುಗಿ.

ಕಣ್ಣಿಗೆ ಕಾಣುವ ಒಂದು ವಸ್ತುವಿನಿಂದ ಕಾಣದ ಅರ್ಥವೊಂದನ್ನು ಸೂಚಿಸಿದರೆ ಅದು ಸಂಕೇತವಾಗುತ್ತದೆ, ಇಲ್ಲಿ ಕಾಗೆ ಒಂಟಿತನದ ಸಂಕೇತ ಎಂದು ಹೇಳಿಕೊಟ್ಟೆ.

“ಕಾಕಾ ಕೋ ಅಭೀ ಕವ್ವಾ ಬೋಲನಾ ನಹೀಂ ಆತಾ, ಕಾಕೂ. ನಿಕಾಲ್ ದೋ.”

‘ಕಾಗೆ’ ಎನ್ನಲು ಅವರಿಗಿನ್ನೂ ಬಾರದಂತೆ. ತೆಗೆದುಹಾಕಿದೆ. ಕಾಗೆ ಹೋದಮೇಲೆ ಆ ಕಥೆಯಲ್ಲಿ ಏನೂ ಉಳಿಯಲಿಲ್ಲ. ಮುಂದಿನ ವಾರ, ಒಬ್ಬ ಮನುಷ್ಯ ಮಾರ್ಕೆಟ್ಟಿಗೆ ಹೋದ, ಕೊಡೆ ಮರೆತ, ವಾಪಸು ಹೋದ, ಕೊಡೆ ಸಿಕ್ಕಿತು ಎಂದು ಬರೆದುಕೊಂಡು ಹೋದೆ. ಹುಡುಗಿ ಭಲೇ ಎಂದಳು. ಕೊಡೆ ಮರೆತದ್ದೇ ಸಂಘರ್ಷ, ಸಿಕ್ಕಿದ್ದೇ ಪರಿಹಾರ, ನಡುವಿನ ಆತಂಕವೇ ಪರಾಕಾಷ್ಠೆ. ಸಾಹಿತ್ಯದ ಎಂ.ಎ. ಓದಿ ನಾನು ಬರೆದ ಅತ್ಯುತ್ತಮ ಕೃತಿ ಅದೇ ಇರಬೇಕು. ಯಜಮಾನರು ಅದನ್ನು ತಿಂಗಳುಗಟ್ಟಲೆ ಉರು ಹೊಡೆದರು. “ಒಬ್ಬ… ಅದು… ಮಾರ್ಕೆಟ್ಟು. ಅದು ಮರೆತ.” ಕೊಡೆ ಎಂಬ ಮಾತು ಬರುವ ಹೊತ್ತಿಗೆ ಹೋಳಿ ಬಂದಿತ್ತು.

ಆಮೇಲೆ ನನಗೆ ಆ ಯೋಚನೆ ಬಂತು. ತರಗತಿಯಲ್ಲಿ ನಾನೊಂದು ಉಪಾಯ ಮಾಡುತ್ತಿದ್ದೆ. ಮಕ್ಕಳಿಗೆ ಗೊತ್ತಿರುವ ಕಥೆಯನ್ನೇ ಬೇಕೆಂದೇ ತಪ್ಪಾಗಿ ಹೇಳುವುದು. ಅಲ್ಲಿಯವರೆಗೆ ಫೋನಿನಲ್ಲಿ ಮುಳುಗಿದ್ದ ಹುಡುಗರೂ ಎದ್ದು, “ಗಲತ್ ಹೈ ಮಿಸ್!” ಎಂದು ಕಿರುಚಿ ಸರಿಯಾದದ್ದನ್ನು ಹೇಳುತ್ತಿದ್ದರು. ತಪ್ಪನ್ನು ತಿದ್ದುವಾಗಿನ ಹುರುಪು ಮನುಷ್ಯನಿಗೆ ಬೇರೆ ಯಾವುದರಲ್ಲೂ ಬರುವುದಿಲ್ಲ. ಅಂಬರನಾಥದ ಮಧ್ಯಾಹ್ನವನ್ನು ನಾನೇ ಒಂದು ತಪ್ಪು ಕಥೆ ಮಾಡಿ ಅವರ ಮುಂದಿಟ್ಟರೆ? ತಲೆ ಅಲ್ಲಾಡಿಸುತ್ತಾರೆ, ಸಿಟ್ಟಾಗುತ್ತಾರೆ, ಹಾಗಲ್ಲ ಕಣೇ ಎಂದು ಬಾಯಿ ಬಿಡುತ್ತಾರೆ. ಆ ಒಂದು ‘ಹಾಗಲ್ಲ’ ಸಾಕು, ಉಳಿದದ್ದನ್ನು ಎಳೆದು ತೆಗೆಯುತ್ತೇನೆ ಎಂದುಕೊಂಡೆ.

ಬರೆದೆ. ಒಬ್ಬರು ರಬಾಳೆಯಲ್ಲಿ ಕೆಲಸ ಮಾಡುತ್ತಿದ್ದರು. ಒಂದು ದಿನ ಅರ್ಧ ರಜೆ ಹಾಕಿದರು. ಅಂಬರನಾಥಕ್ಕೆ ಹೋದರು. ಮೆಟ್ಟಿಲು ಹತ್ತಿ ಶಿವನ ದರ್ಶನ ಮಾಡಿದರು. ಮರದ ಕೆಳಗೆ ಕೂತು ಊಟ ಮಾಡಿದರು. ಒಬ್ಬ ಅಜ್ಜಿ ಡಬ್ಬಿ ತೊಳೆದುಕೊಟ್ಟಳು. ಅವರಿಗೆ ಸಂತೋಷವಾಯಿತು.

ನನ್ನ ಅಷ್ಟೂ ಊಹೆಗಳಲ್ಲಿ ನಾನು ತಡೆದುಕೊಳ್ಳಬಹುದಾದದ್ದು ಇದೊಂದೇ. ಅದಕ್ಕೇ ಇದು ಸುಳ್ಳೇ ಇರಬೇಕು ಎಂದು ನನಗೆ ಖಾತ್ರಿಯಿತ್ತು.

ಮೊದಲ ಸಲ ಓದಿದಾಗ ಅವರ ಮುಖವನ್ನೇ ನೋಡುತ್ತಿದ್ದೆ. ಅಂಬರನಾಥ ಎಂದಾಗ ಹುಬ್ಬು ಒಂದಿಷ್ಟು ಎದ್ದಿತು. ಏನೋ ಹೇಳಲು ಬಾಯಿ ತೆರೆದರು. “ಅದು… ಅದು…” ಎಂದು ಎಡಗೈಯಿಂದ ಗಾಳಿಯಲ್ಲಿ ಏನೋ ತೋರಿಸಿದರು. ನಾನು ತಾಳ್ಮೆಯಿಂದ ಕಾಯಬೇಕಿತ್ತು. ಕಾಯುವುದು ನನ್ನ ಜಾಯಮಾನದಲ್ಲಿಲ್ಲ. “ಅಂಬರನಾಥಕ್ಕೆ ಹೋದರು, ಹೇಳಿ, ಅಂಬರನಾಥಕ್ಕೆ ಹೋದರು” ಎಂದು ಹೇಳಿಕೊಟ್ಟುಬಿಟ್ಟೆ. ಅವರು ಕೈ ಇಳಿಸಿ, ಒಳ್ಳೆಯ ವಿದ್ಯಾರ್ಥಿಯಂತೆ, “ಅಂಬರ… ಹೋದರು” ಎಂದರು.

ಮತ್ತೆ ಆ ಕೈ ಏಳಲಿಲ್ಲ. ದಿನಾ ಬೆಳಿಗ್ಗೆ ಕಾಫಿಯ ಜೊತೆ, ಸಂಜೆ ದೀಪ ಹಚ್ಚಿದ ಮೇಲೆ, ವಾರಗಟ್ಟಲೆ ಅದೇ ಕಥೆ. ತಿದ್ದುತ್ತಾರೆ ಎಂದು ನಾನು ಕಾದೆ, ಅವರು ಕಲಿತರು.

ಒಂದು ಸಂಜೆ ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅಡುಗೆಮನೆಗೆ ಬಂದು, “ಅಮ್ಮಾ, ಇಸಕೋ ಲೀಡಿಂಗ್ ಕ್ವೆಶ್ಚನ್ ಬೋಲ್ತೇ ಹೈಂ. ತೂನೇ ವಿಟ್ನೆಸ್ ಕೋ ಜವಾಬ್ ಹೀ ಪಢಾ ದಿಯಾ” ಎಂದಳು.

“ಕನ್ನಡದಲ್ಲಿ ಬೊಗಳು.”

“ಉತ್ತರ ನೀನೇ ಹೇಳ್ಕೊಟ್ಟೆ, ಸಾಕ್ಷಿ ಕೆಟ್ಟ್ ಹೋಯ್ತು. ಇತ್ನಾ ಕನ್ನಡ ಚಲೇಗಾ?”

ಬೈದು ಓಡಿಸಿದೆ. ಸಾಂಬಾರು ಸೀದು ಹೋಗಿತ್ತು.

ಮಳೆಗಾಲ ಶುರುವಾಗುವ ಮೊದಲು, ನೆರೂಳಿನಲ್ಲಿ ಹುಡುಗಿ ಒಂದು ದಿನ ಕಾರ್ಡುಗಳನ್ನೆಲ್ಲ ಮಡಚಿ ಡ್ರಾಯರಿನೊಳಗೆ ಹಾಕಿದಳು. ಇವತ್ತು ಕಾರ್ಡೂ ಇಲ್ಲ, ಕಾಕೂ ಹೇಳಿಕೊಡುವುದೂ ಇಲ್ಲ, ಕಾಕಾ ತಮಗೇ ಆದದ್ದೊಂದನ್ನು ಹೇಳಬೇಕು ಎಂದಳು. ಯಜಮಾನರು ಕಾರ್ಡುಗಳಿದ್ದ ಖಾಲಿ ಜಾಗವನ್ನು ನೋಡಿದರು.

“ನಾನು… ರಬಾಳೆ” ಎಂದರು. “ಅರ್ಧ… ರಜೆ. ನಾನು ಅಂಬರನಾಥಕ್ಕೆ ಹೋದೆ.”

ನಾನು ಬರೆದದ್ದು ‘ಒಬ್ಬರು ಹೋದರು’ ಎಂದು. ಪ್ರಥಮ ಪುರುಷದ ನಿರೂಪಣೆ, ‘ಅವರು’ ಎನ್ನುವಂಥದ್ದು. ಅವರು ಹೇಳುತ್ತಿದ್ದದ್ದು ‘ನಾನು ಹೋದೆ’. ಕಥೆಯ ಹೊರಗೆ ನಿಂತು ಹೇಳುವವನಿಗೂ, ಕಥೆಯ ಒಳಗಿಂದ ಹೇಳುವವನಿಗೂ ಇರುವ ವ್ಯತ್ಯಾಸವನ್ನು ನಾನು ಎಷ್ಟು ತಂಡದ ಮಕ್ಕಳಿಗೆ ಹೇಳಿಲ್ಲ! ಯಾರೂ ಹೇಳಿಕೊಡದೆ ಅವರು ಒಳಗೆ ಬಂದಿದ್ದರು. ಮೆಟ್ಟಿಲು ಹತ್ತಿದೆ. ದರ್ಶನ. ಮರ. ಊಟ. ಅಜ್ಜಿ ಡಬ್ಬಿ ತೊಳೆದಳು. ಸಂತೋಷ ಆಯ್ತು.

ಹುಡುಗಿ ಚಪ್ಪಾಳೆ ತಟ್ಟಿದಳು. ಅವಳಿಗೆ ಕನ್ನಡ ಬಾರದಿದ್ದರೂ ವಾಕ್ಯಗಳು ಎಣಿಸಲು ಸಿಗುತ್ತಿದ್ದವು. “ಕಾಕೂ, ಯೇ ಸಚ್ ಮೇಂ ಹುವಾ ಥಾ ಕ್ಯಾ?”

“ಪತಾ ನಹೀಂ” ಎಂದೆ. ನಿಜವಾಗಿ ನಡೆದದ್ದೋ ಇಲ್ಲವೋ ನನಗೇನು ಗೊತ್ತು.

“ಕೋಯಿ ಬಾತ್ ನಹೀಂ. ಪೂರೀ ಸ್ಟೋರಿ ತೋ ಆ ಗಯೀ!”

ವಾಪಸು ಬರುವಾಗ ಗಾಡಿಯಲ್ಲಿ ನಾನು ಸುಖಿಯಾಗಿದ್ದೆ. ಇಷ್ಟು ದಿನದಲ್ಲಿ ಮೊದಲ ಸಲ. ಹಾಗಾದರೆ ನನ್ನ ಊಹೆಯೇ ಸರಿ. ತಿದ್ದಲು ಏನೂ ಇರಲಿಲ್ಲ, ಅದಕ್ಕೇ ತಿದ್ದಲಿಲ್ಲ. ಪೇಪರು ಓದುತ್ತ ಆರತಿ ತೆಗೆದುಕೊಳ್ಳುವ ಮನುಷ್ಯನಿಗೂ ಒಂದು ಮಧ್ಯಾಹ್ನ ದೇವರು ನೆನಪಾಗಬಾರದೇ? ರಬಾಳೆ ಬಂದು ಹೋಯಿತು. ಯಜಮಾನರು ಕಿಟಕಿಯಾಚೆ ನೋಡಲೂ ಇಲ್ಲ. ನಾನು ಅವರ ಬಲಗೈಯನ್ನು ಹಿಡಿದುಕೊಂಡಿದ್ದೆ.

ಭಯ ಹೋಯಿತಲ್ಲ, ಈಗ ಅಂಬರನಾಥಕ್ಕೆ ಹೋಗುವ ಧೈರ್ಯವೂ ಬಂತು. ಅಜ್ಜಿ ಸಿಕ್ಕಿದರೆ ಅವಳಿಗೊಂದು ಸೀರೆ ಕೊಡಬೇಕು ಎಂದುಕೊಂಡೆ, ಚೀಲದಲ್ಲಿ ಹಾಕಿಕೊಂಡೂ ಹೋದೆ. ಆ ಭಾನುವಾರ ಯಜಮಾನರ ಜೊತೆಗಿರಲು, ನಮ್ಮ ಕಟ್ಟಡದ ಕೆಳಗೇ ಹೋಟೆಲು ನಡೆಸುವ ಉಡುಪಿ ಕಡೆಯ ಹಿರಿಯರು ಬಂದಿದ್ದರು. ನಾನೂ ಮಗಳೂ ಸ್ಟೇಷನ್ನಿನಿಂದ ರಿಕ್ಷಾ ಹಿಡಿದೆವು.

ಕರಿಗಲ್ಲಿನ ದೇವಸ್ಥಾನ, ಪಕ್ಕದಲ್ಲೇ ನಾಲೆ. ಮರಗಳಿದ್ದವು. ಅಜ್ಜಿಯರೂ ಬೇಕಾದಷ್ಟು ಇದ್ದರು. ಹೂ ಮಾರುವವಳೊಬ್ಬಳಿಗೆ ಮಗಳು ಫೋನಿನಲ್ಲಿ ಅಪ್ಪನ ಫೋಟೋ ತೋರಿಸಿದಳು. ಅವಳು ನೋಡಿದಂತೆ ಮಾಡಿ, ಇಂಥವರು ದಿನಾ ಬರುತ್ತಾರೆ ಎಂದು ಹಾರ ಮುಂದೆ ಹಿಡಿದಳು. ಹಾರ ಕೊಂಡು ಒಳಗೆ ಹೋದೆವು. ಮಂಟಪ ದಾಟಿದೆವು. ಗರ್ಭಗುಡಿಯ ಬಾಗಿಲಲ್ಲಿ ಮಗಳು ನಿಂತುಬಿಟ್ಟಳು.

“ಅಮ್ಮಾ” ಎಂದಳು ಮೆಲ್ಲಗೆ. “ಸೀಢಿಯಾಂ ತೋ ನೀಚೇ ಜಾ ರಹೀ ಹೈಂ.”

ಮೆಟ್ಟಿಲುಗಳು ಕೆಳಗೆ ಹೋಗುತ್ತಿದ್ದವು. ಲಿಂಗ ಇದ್ದದ್ದು ನೆಲಮಟ್ಟಕ್ಕಿಂತ ಕೆಳಗೆ, ಬಾವಿಗಿಳಿದ ಹಾಗೆ ಇಳಿದು ಹೋಗಬೇಕಾದ ಜಾಗದಲ್ಲಿ. ಒಂದು ಸಲ ಇಳಿದವರು ಅದನ್ನು ಮರೆಯುವ ಹಾಗಿಲ್ಲ. ಮೈಸೂರಿನಲ್ಲಿ ಬೆಟ್ಟದ ನೆರಳಲ್ಲಿ ಬೆಳೆದ ನನಗೆ ಪುರಾತನ ದೇವಸ್ಥಾನ ಎಂದರೆ ಹತ್ತುವುದೇ. ಡೊಂಬಿವಲಿಯಲ್ಲಿ ಇಷ್ಟು ವರ್ಷವಿದ್ದೂ ಇಲ್ಲಿಗೆ ಬಂದಿರದ ನಾನು, ಕಣ್ಣುಮುಚ್ಚಿ ‘ಮೆಟ್ಟಿಲು ಹತ್ತಿ’ ಎಂದು ಬರೆದಿದ್ದೆ. ಯಜಮಾನರು ಹೇಳಿದ್ದೂ ಹತ್ತಿದೆ ಎಂದೇ. ‘ನಾನು’ ಎಂಬುದೊಂದನ್ನು ಬಿಟ್ಟರೆ ಅದರಲ್ಲಿ ಅವರದು ಏನೂ ಇರಲಿಲ್ಲ.

ಜನ ನನ್ನನ್ನು ತಳ್ಳಿಕೊಂಡು ಇಳಿಯುತ್ತಿದ್ದರು. ನಾನು ಇಳಿಯಲಿಲ್ಲ. ಮಗಳು ನನ್ನ ಕೈಯಿಂದ ಹಾರ ತೆಗೆದುಕೊಂಡು ಹೋಗಿ ದೇವರಿಗೆ ಹಾಕಿಸಿ ಬಂದಳು. ವಾಪಸು ದಾರಿಯಲ್ಲಿ ಸೀರೆಯ ಚೀಲವನ್ನು ಅವಳೇ ಹಿಡಿದುಕೊಂಡಳು, ಅದೇ ಕಷ್ಟವಾಯಿತು.

ನಿರೂಪಕ ಹೇಳಿದ್ದನ್ನೆಲ್ಲ ನಂಬಬೇಡಿ, ಕೆಲವು ನಿರೂಪಕರು ಗೊತ್ತಿದ್ದೋ ಗೊತ್ತಿಲ್ಲದೆಯೋ ದಾರಿ ತಪ್ಪಿಸುತ್ತಾರೆ ಎಂದು ಪಾಠ ಮಾಡುವಾಗ ನನ್ನ ದನಿಯಲ್ಲಿ ಒಂದು ಗತ್ತು ಇರುತ್ತಿತ್ತು. ನಂಬಲಾಗದ ನಿರೂಪಕಿಯೇ ಬಾಯಿಪಾಠ ಮಾಡಿಸಿದ ಮೇಲೆ ಆ ಬಡಪಾಯಿ ಏನು ಮಾಡಬೇಕು? ಅವರು ಆ ದಿನ ದೇವಸ್ಥಾನಕ್ಕೆ ಹೋಗಿರಬಹುದು, ಹೋಗದೆ ಇರಬಹುದು. ಅಲ್ಲಿ ಯಾರೋ ಇದ್ದಿರಬಹುದು, ಇಲ್ಲದಿರಬಹುದು. ಮೊದಲ ದಿನ ಗಾಳಿಯಲ್ಲಿ ಎಡಗೈ ಆಡಿಸಿ ಏನನ್ನೋ ತೋರಿಸಿದರಲ್ಲ, ಇದ್ದದ್ದು ಅಷ್ಟೇ ನಿಜ. ಅದರ ಮೇಲೆ ನಾನು ವಾರಗಟ್ಟಲೆ ನನ್ನ ಏಳು ವಾಕ್ಯಗಳನ್ನು ಬಳಿದೆ.

ನಿಜವಾದದ್ದು ಇನ್ನು ಮೇಲಾದರೂ ನೆನಪಾಗಬಹುದೇ ಎಂದು ನೆರೂಳಿನ ಹುಡುಗಿಯನ್ನು ಕೇಳಿದೆ. ಅವಳು ಪಾಪ, ಸುಳ್ಳು ಹೇಳಲಿಲ್ಲ. “ಜೋ ರೋಜ್ ಬೋಲ್ತೇ ಹೈಂ, ವಹೀ ಪಕ್ಕಾ ಹೋ ಜಾತಾ ಹೈ, ಕಾಕೂ.” ದಿನಾ ಹೇಳಿದ್ದೇ ಗಟ್ಟಿಯಾಗುತ್ತದೆ. ಬೇಕಿದ್ದರೆ ಈ ಕಥೆ ನಿಲ್ಲಿಸಿ ಬೇರೆ ಶುರುಮಾಡೋಣ ಎಂದಳು. ಮನೆಗೆ ಬಂದು ಪ್ರಯತ್ನಿಸಿದೆ. “ರೀ, ಮೆಟ್ಲು ಹತ್ತಿದ್ರಾ, ಇಳಿದ್ರಾ? ಸರಿಯಾಗಿ ಯೋಚ್ನೆ ಮಾಡಿ ಹೇಳಿ” ಎಂದೆ. ಅವರ ಮುಖ ಪರೀಕ್ಷೆಯಲ್ಲಿ ಫೇಲಾದ ಹುಡುಗನದಾಯಿತು. ಒಂದು ವಾರ ಏನೂ ಮಾತಾಡಲಿಲ್ಲ. ಕೊಡೆಯೂ ಹೋಯಿತು, ಮಾರ್ಕೆಟ್ಟೂ ಹೋಯಿತು. ಆಮೇಲೆ ನಾನು ಆ ಪ್ರಶ್ನೆ ಎತ್ತಲಿಲ್ಲ.

ಈಗ ಯಾರು ಮನೆಗೆ ಬಂದರೂ ಯಜಮಾನರು ಆ ಕಥೆ ಹೇಳುತ್ತಾರೆ. ಅವರ ಬಳಿ ಇರುವುದು ಅದೊಂದೇ. ಮೊನ್ನೆ ಸಂಜೆ ಕೆಳಗಿನ ಹೋಟೆಲಿನ ಹಿರಿಯರು ಗೋಳಿಬಜೆಯ ಪೊಟ್ಟಣ ಹಿಡಿದು ಬಂದರು.

“ಹೇಗಿದ್ದೀರಿ ಮಾರಾಯ್ರೆ? ಇವತ್ತು ಎಂತ ವಿಶೇಷ?”

ಯಜಮಾನರು ನೆಟ್ಟಗೆ ಕೂತರು. “ನಾನು ಅಂಬರನಾಥಕ್ಕೆ ಹೋದೆ.”

“ನಮ್ಮ ಹೋಟೆಲಿನ ಊಟ ಬಿಟ್ಟು ಅಷ್ಟು ದೂರ ಹೋದದ್ದಕ್ಕೇ ನಿಮಗೆ ಹೀಗಾದದ್ದು, ತಿಳ್ಕೊಳ್ಳಿ. ಮತ್ತೆ? ಆಮೇಲೆ ಎಂತಾಯ್ತು?”

ಯಜಮಾನರು ಬಾಯಿ ತೆರೆದರು. ಮಾತು ಬರಲಿಲ್ಲ. ಎಡಗೈ ಮೇಲಕ್ಕೆ ಎದ್ದು ಗಾಳಿಯಲ್ಲಿ ನಿಂತಿತು, ಎತ್ತ ಹೋಗಬೇಕೆಂದು ತಿಳಿಯದೆ. ಅವರು ನನ್ನ ಕಡೆ ನೋಡಿದರು. ನಾನು ಸುಮ್ಮನಿರಬಹುದಿತ್ತು. ಒಂದು ನಿಮಿಷ ಕಾದಿದ್ದರೆ ಆ ಕೈ ಬೇರೆ ಕಡೆಗೆ ಹೋಗುತ್ತಿತ್ತೋ ಏನೋ. ಹಿರಿಯರು ಕಾಯುತ್ತಿದ್ದರು, ಯಜಮಾನರ ಹಣೆಯಲ್ಲಿ ಬೆವರು ಮೂಡುತ್ತಿತ್ತು.

“ಮೆಟ್ಟಿಲು ಹತ್ತಿ…” ಎಂದೆ ನಾನು.

“ಹಾಂ. ಮೆಟ್ಟಿಲು ಹತ್ತಿದೆ” ಎಂದರು ಯಜಮಾನರು, ಮುಖ ಅರಳಿಸಿ.